ಗಾಲಿಯ ವೇಗವನ್ನು ಎಣಿಸುವ ಸೆನ್ಸಾರು

ದೋಣಿಮಲೈ ಕಡೆಯಿಂದ ಸಂಡೂರಿಗೆ ಬರುವ ದಾರಿಯಲ್ಲಿ ಮೊದಲ ಮಳೆಯ ದಿನ ಮೋಟಾರ್ ಸೈಕಲ್ ನಡೆಸಿದ ರೈತರಿಗೆ ಇದು ಗೊತ್ತಿದ್ದ ಸಂಗತಿಯೇ. ಅದಿರಿನ ಕೆಂಧೂಳು ನೆನೆದು ರಸ್ತೆ ಬೆಣ್ಣೆಯಂತಾಗಿರುತ್ತದೆ. ಗಾಬರಿಯಿಂದ ಮುಂದಿನ ಬ್ರೇಕನ್ನು ಬಿಗಿಹಿಡಿದರೆ ಗಾಲಿ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಜಾರುತ್ತ ಹೋಗಿ ಬೀಳುತ್ತದೆ. ಇದನ್ನು ತಡೆಯಲೆಂದೇ ಎ.ಬಿ.ಎಸ್. ಎಂಬ ಏರ್ಪಾಡು ಬಂದಿದೆ. 2019ರ ಏಪ್ರಿಲ್ 1ರಿಂದ ಮಾರಾಟವಾಗುವ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಇದು ಕಡ್ಡಾಯ.

ಇದರ ಕಣ್ಣು ಗಾಲಿಯ ಬಳಿಯಲ್ಲಿರುವ ಹೆಬ್ಬೆರಳಿನಷ್ಟು ಸೆನ್ಸಾರು. ಹುಡುಗರು ಸೈಕಲ್ಲಿನ ಕಡ್ಡಿಗಳಿಗೆ ತಗಲುವಂತೆ ರಟ್ಟಿನ ಚೂರು ಕಟ್ಟಿ ಟರ್ರೆನ್ನಿಸುವುದನ್ನು ತಾವು ನೋಡಿರಬಹುದು. ವೇಗ ಹೆಚ್ಚಿದರೆ ಸದ್ದು ಬಿರುಸಾಗುತ್ತದೆ, ಗಾಲಿ ನಿಂತರೆ ಸದ್ದೂ ನಿಲ್ಲುತ್ತದೆ. ಇಲ್ಲಿಯೂ ಅದೇ ಲೆಕ್ಕ. ಗಾಲಿಯೊಡನೆ ಹಲ್ಲುಳ್ಳ ಕಬ್ಬಿಣದ ರಿಂಗು ತಿರುಗುತ್ತದೆ. ಅಯಸ್ಕಾಂತವಿರುವ ಸೆನ್ಸಾರು ಅದನ್ನು ಮುಟ್ಟದೆ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಕುಳಿತಿರುತ್ತದೆ. ಒಂದೊಂದು ಹಲ್ಲು ಹಾದಾಗಲೂ ವಿದ್ಯುತ್ತಿನ ಒಂದು ಮಿಡಿತ. ರಿಂಗಿಗೆ 48 ಹಲ್ಲು, ಗಾಲಿಯ ಸುತ್ತಳತೆ 2 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ 5 ಸುತ್ತು ಸುತ್ತುತ್ತದೆ, ಮಿಡಿತ 240. ಬ್ರೇಕು ಹಿಡಿದೊಡನೆ ಈ ಎಣಿಕೆ ಥಟ್ಟನೆ ಕುಸಿದರೆ ಗಾಲಿ ಕಚ್ಚಿಕೊಳ್ಳಲಿದೆ ಎಂದರ್ಥ. ಆಗ ಯಂತ್ರವು ಬ್ರೇಕಿನ ಒತ್ತಡವನ್ನು ಸಡಿಲಿಸಿ ಮತ್ತೆ ಬಿಗಿಮಾಡುತ್ತದೆ, ಸೆಕೆಂಡಿಗೆ ಹಲವು ಬಾರಿ. ಕೈಯಲ್ಲಿ ಲಿವರ್ ನಡುಗಿದಂತಾದರೆ ಹೆದರಿ ಬಿಡಬೇಡಿರಿ, ಒತ್ತಿಯೇ ಹಿಡಿದಿರಿ.

ಕಾರುಗಳಲ್ಲಿ ನಾಲ್ಕು ಗಾಲಿಗಳ ಎಣಿಕೆಯನ್ನೂ ಸ್ಟೀರಿಂಗ್ ತಿರುಗಿದ ದಿಕ್ಕನ್ನೂ ಹೋಲಿಸಿ, ಗಾಡಿ ಅಡ್ಡತಿರುಗದಂತೆ ಒಂದೇ ಗಾಲಿಗೆ ಬ್ರೇಕು ಹಾಕುವುದೂ ಉಂಟು.

ಆದರೆ ಎ.ಬಿ.ಎಸ್. ಮಂತ್ರವಲ್ಲ. ಸಡಿಲ ಜಲ್ಲಿಯ ಮೇಲೆ ನಿಲ್ಲಲು ಹೆಚ್ಚು ದೂರವೇ ಬೇಕಾದೀತು. ಅನೇಕ ಮೋಟಾರ್ ಸೈಕಲ್ಲುಗಳಲ್ಲಿ ಇದು ಮುಂದಿನ ಗಾಲಿಗೆ ಮಾತ್ರ ಇರುತ್ತದೆ. ಹಿಂದಿನದು ಎಂದಿನಂತೆ ಜಾರುತ್ತದೆ. ಹಿಂದೆ ಬರುವ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಎ.ಬಿ.ಎಸ್. ಇರುವುದೇ ಇಲ್ಲ, ಅದನ್ನೂ ನೆನಪಿಡಿರಿ.

ಸೆನ್ಸಾರು ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದಲೇ. ಪಂಕ್ಚರ್ ಹಾಕಲು ಗಾಲಿ ಬಿಚ್ಚಿದಾಗ ರಿಂಗು ಬಾಗುತ್ತದೆ, ಇಲ್ಲವೇ ತಂತಿ ಕಿತ್ತುಬರುತ್ತದೆ. ಬ್ರೇಕು ಸವೆದ ಕಬ್ಬಿಣದ ಪುಡಿಯೂ ಅಯಸ್ಕಾಂತಕ್ಕೆ ಅಂಟುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಚಾಕುವಿನಿಂದ ಕೆರೆಯಬಾರದು.

ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಹತ್ತಿ, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ಆರದಿದ್ದರೆ ಹಳೆಯ ಬ್ರೇಕು ಮಾತ್ರ ಕೆಲಸಮಾಡುತ್ತಿದೆ ಎಂದು ತಿಳಿದು, ಮಳೆಗೆ ಮುಂಚೆಯೇ ಮೆಕ್ಯಾನಿಕ್ಕನಿಗೆ ತೋರಿಸತಕ್ಕದ್ದು. ಸಂತೆಯಲ್ಲಿ ಹಳೆಯ ಗಾಡಿ ಕೊಳ್ಳುವವರು ಮೊದಲು ಈ ದೀಪವನ್ನೇ ನೋಡಲಿ. ಅದು ಹತ್ತದೆಯೇ ಇದ್ದರೆ ಯಾರೋ ಕಿತ್ತಿರಲೂಬಹುದು. ಬೆಲೆಯ ಮಾತು ಆಮೇಲೆ.