ಲಕ್ವಾದ ಮುನ್ಸೂಚನೆ ರಕ್ತದಲ್ಲಿ

ಲಕ್ವಾ ಹೊಡೆಯುವುದು ಮೆದುಳಿಗೆ; ಆದರೆ ಅನೇಕ ಸಲ ಅದರ ಮೂಲ ಹೃದಯದಲ್ಲಿರುತ್ತದೆ. ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಕಂಪಿಸಿದಾಗ ರಕ್ತವು ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಹರಿದುಹೋಗಿ ಮೆದುಳಿನ ನಾಳವನ್ನು ಮುಚ್ಚಿದರೆ ಕೈಕಾಲು ಬಿದ್ದುಹೋಗುತ್ತವೆ.

ಹೃದಯದ ಈ ತೊಂದರೆಯ ಸುಳಿವು ರಕ್ತಪರೀಕ್ಷೆಯಲ್ಲಿ ಸಿಗುತ್ತದೆ. ಹೃದಯದ ಗೋಡೆ ಒತ್ತಡದಿಂದ ಹಿಗ್ಗಿದಾಗ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಅಂಶವೂ, ಅದರ ಸ್ನಾಯುವಿಗೆ ಪೆಟ್ಟಾದಾಗ ಟ್ರೋಪೊನಿನ್ ಎಂಬುದೂ ರಕ್ತದಲ್ಲಿ ಏರುತ್ತವೆ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 11 ವರ್ಷ ಗಮನಿಸಿದ 'ಆರಿಕ್' ಅಧ್ಯಯನವು, ಇವು ಹೆಚ್ಚಿದ್ದವರಲ್ಲಿ ಲಕ್ವಾ, ಅದರಲ್ಲೂ ಹೃದಯದ ಹೆಪ್ಪಿನಿಂದಾಗುವ ಲಕ್ವಾ, ಹೆಚ್ಚೆಂದು 2013ರಲ್ಲಿ ತಿಳಿಸಿತು.

ಹಾಗೆಂದು ಎಲ್ಲರೂ ಈ ಪರೀಕ್ಷೆಗೆ ಹಣ ಸುರಿಯಬೇಕಿಲ್ಲ. ವಯಸ್ಸಿನಿಂದ, ಮೂತ್ರಪಿಂಡದ ದೋಷದಿಂದಲೂ ಈ ಅಂಶಗಳು ಏರುತ್ತವೆ. ಬೇಕೋ ಬೇಡವೋ ವೈದ್ಯರು ಹೇಳಲಿ. ಮಕ್ತಲ್ ಸುತ್ತಲಿನ ರೈತರು, ಕೂಲಿಕಾರರು ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಸರಕಾರಿ ದವಾಖಾನೆಯಲ್ಲಿ ಬಿ.ಪಿ. ನೋಡಿಸಿಕೊಳ್ಳಿರಿ. ಕುಳಿತು, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಹಿಡಿದು ನೋಡಿರಿ. ಬಡಿತ ಏರುಪೇರಾಗಿದ್ದರೆ ಇ.ಸಿ.ಜಿ. ಮಾಡಿಸಿರಿ. ಬಿತ್ತನೆಯ ಗಡಿಬಿಡಿಯಲ್ಲಿ ಬಿ.ಪಿ. ಗುಳಿಗೆ ಬಿಡಬೇಡಿರಿ.

ಬಾಯಿ ಸೊಟ್ಟಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೋಗಿರಿ, ಮಹಬೂಬನಗರವಾಗಲಿ, ರಾಯಚೂರಾಗಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿಗೆಂದು ಅಲೆದು ಕಳೆದ ಗಂಟೆ ಮರಳಿ ಬಾರದು.