ದೇವನಹಳ್ಳಿ ತಾಲ್ಲೂಕು : ಒಂದು ಪರಿಚಯ

ಬೆಂಗಳೂರಿನ ಉತ್ತರಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ದೇವನಹಳ್ಳಿಯು ತಾಲ್ಲೂಕಿನ ಕೇಂದ್ರಸ್ಥಳವಾಗಿದೆ. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ವಿಭಾಗಿಸಿದಾಗ ಈ ತಾಲ್ಲೂಕು ಗ್ರಾಮಾಂತರ ಜಿಲ್ಲೆಗೆ ಸೇರಿತು. ಮಹಾನಗರವೊಂದರ ಬೆಳವಣಿಗೆಯು ನೆರೆಯ ಗ್ರಾಮಜೀವನವನ್ನು ಹೇಗೆ ಮಾರ್ಪಡಿಸುವುದೆಂಬುದನ್ನು ತಿಳಿಯಲು ಇದು ಉತ್ತಮ ನಿದರ್ಶನ.

ಇಲ್ಲಿನ ಕೋಟೆಯನ್ನು 1501ರಲ್ಲಿ ಪಾಳೆಯಗಾರನಾದ ಮಲ್ಲಬೈರೇಗೌಡನು ಮಣ್ಣಿನಿಂದ ಕಟ್ಟಿಸಿದನೆಂದು ಹೇಳಲಾಗುತ್ತದೆ. 1749ರಲ್ಲಿ ಮೈಸೂರಿನ ಸೈನ್ಯವು ಇದಕ್ಕೆ ಮುತ್ತಿಗೆ ಹಾಕಿದಾಗ ಹೈದರಾಲಿಯ ಪರಾಕ್ರಮವು ಮೊದಲ ಬಾರಿಗೆ ಬೆಳಕಿಗೆ ಬಂದಿತು. ಮುಂದೆ ಕೋಟೆಯು ಕಲ್ಲಿನಿಂದ ಪುನರ್ನಿರ್ಮಾಣಗೊಂಡು, 1791ರಲ್ಲಿ ಕಾರ್ನ್‌ವಾಲಿಸನ ವಶವಾಯಿತು. ಟಿಪ್ಪು ಸುಲ್ತಾನನ ಜನ್ಮಸ್ಥಳವೂ ಇದೇ. ಕೋಟೆಯೊಳಗಿನ ವೇಣುಗೋಪಾಲಸ್ವಾಮಿ ದೇವಾಲಯವು ದರ್ಶನೀಯವಾಗಿದೆ.

ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಈ ಪ್ರದೇಶದಲ್ಲಿ ಹರಿಯುವುದಾದರೂ ವರ್ಷವಿಡೀ ನೀರಿರುವ ನದಿಯಲ್ಲ. ಆದುದರಿಂದ ಪೂರ್ವಿಕರು ಕೆರೆಗಳನ್ನೇ ನಂಬಿದ್ದರು. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಹೆಚ್ಚಿ, ಅಂತರ್ಜಲವು ಆಳಕ್ಕಿಳಿದಿದೆ. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಈ ಸೀಮೆಯ ಕೆಲವು ಕೆರೆಗಳಿಗೆ ಹರಿಸಲಾಗುತ್ತಿದೆ.

ರಾಗಿ ಇಲ್ಲಿನ ಮುಖ್ಯ ಆಹಾರಧಾನ್ಯ. ದ್ರಾಕ್ಷಿ, ತರಕಾರಿ, ಹೂವು ಮತ್ತು ಹಿಪ್ಪುನೇರಳೆಗಳನ್ನೂ ಬೆಳೆಯುತ್ತಾರೆ. ಹಿಂದೆ ವಡಿಗೇನಹಳ್ಳಿ ಎನಿಸಿದ್ದ ವಿಜಯಪುರವು ರೇಷ್ಮೆಗೆ ಹೆಸರಾಗಿದೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ದೇವನಹಳ್ಳಿ ಚಕ್ಕೋತವು ತನ್ನ ಸಿಹಿಯಿಂದ ಪ್ರಸಿದ್ಧವಾದರೂ ಅದರ ತೋಟಗಳು ವಿರಳವಾಗುತ್ತಿವೆ.

2008ರಲ್ಲಿ ಸುಮಾರು 4000 ಎಕರೆ ನೆಲದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಪ್ರಾರಂಭವಾದುದು ಇಲ್ಲಿನ ಚರಿತ್ರೆಯಲ್ಲಿ ಒಂದು ತಿರುವು. ರಸ್ತೆ, ಉದ್ಯೋಗ, ವ್ಯಾಪಾರಗಳು ವೃದ್ಧಿಸಿದವು. ಭೂಮಿಯ ಬೆಲೆಯು ಗಗನಕ್ಕೇರಿತು. ಹೊಲಗಳು ನಿವೇಶನಗಳಾದವು. ಭೂಮಿ ಮಾರಿದವನಿಗೆ ಹಣ ದೊರೆಯಿತಾದರೂ, ಅದೇ ಹೊಲದಲ್ಲಿ ದುಡಿಯುತ್ತಿದ್ದ ಕೂಲಿಕಾರನಿಗೆ ಕೆಲಸ ತಪ್ಪಿತು. ಇದನ್ನು ಮರೆಯಲಾಗದು.

ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಯತ್ನವನ್ನು ವಿರೋಧಿಸಿ ರೈತರು 2022ರಿಂದ ಮೂರು ವರ್ಷಗಳಿಗೂ ಮೀರಿ ಧರಣಿ ನಡೆಸಿದರು. ಆ ಸ್ವಾಧೀನವನ್ನು ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಪಡೆಯುವುದಾಗಿಯೂ ಸರ್ಕಾರವು 2025ರ ಜುಲೈನಲ್ಲಿ ಘೋಷಿಸಿತು.

ನಗರಕ್ಕೆ ಹಾಲು, ಹಣ್ಣು, ತರಕಾರಿಗಳನ್ನು ಒದಗಿಸುವ ನೆಲವೇ ನಗರವಾಗಿಬಿಟ್ಟರೆ ಅವು ಬರುವುದೆಲ್ಲಿಂದ? ಬೆಳವಣಿಗೆಯು ಬೇಕು, ಆದರೆ ಕೆರೆಗೂ ಹೊಲಕ್ಕೂ ಅದರಲ್ಲಿ ಸ್ಥಾನವಿರಬೇಕು. ನಾಳಿನ ಪ್ರಜೆಗಳಾದ ವಿದ್ಯಾರ್ಥಿಗಳು ಆಲೋಚಿಸಬೇಕಾದ ವಿಷಯವಿದು.