ಬೊಕ್ಕಸದ ಬೀಗದ ಕೈ

ಕಾಗದದ ನೋಟನ್ನು ನಾವು ದಿನವೂ ಹಿಡಿಯುತ್ತೇವೆ. ಅದರ ಮೇಲಿನ ರುಜುವನ್ನು ಓದುವವರು ವಿರಳ. 1953ರಿಂದ 1961ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದ ನೋಟುಗಳಿಗೆ ಖಜಾಂಚಿಯಾಗಿ ರುಜು ಮಾಡಿದವರು ಐವಿ ಬೇಕರ್ ಪ್ರೀಸ್ಟ್ ಎಂಬ ಮಹಿಳೆ.

ಈಕೆ 1905ರಲ್ಲಿ ಯೂಟಾ ಸಂಸ್ಥಾನದ ಕಿಂಬರ್ಲಿ ಎಂಬ ಗಣಿಯೂರಿನಲ್ಲಿ ಜನಿಸಿದರು. ತಂದೆ ಗಣಿ ಕೆಲಸಗಾರ. ಆತನ ಸಂಪಾದನೆ ಸಾಲದೆ ತಾಯಿ ಗಣಿಯಾಳುಗಳಿಗೆ ಊಟ ವಸತಿ ಒದಗಿಸುವ ಮನೆಯನ್ನು ನಡೆಸಿದರು. ಬಡತನದ ದೆಸೆಯಿಂದ ಐವಿ ಕಾಲೇಜಿಗೆ ಹೋಗಲಾರದೆ ಟೆಲಿಫೋನ್ ಕೆಲಸಕ್ಕೆ ಸೇರಿದರು. ಮುಂದೆ ರಾಜಕೀಯಕ್ಕಿಳಿದು, 1934ರಲ್ಲಿ ಯೂಟಾ ಶಾಸನಸಭೆಗೂ 1950ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೂ ಸ್ಪರ್ಧಿಸಿ ಎರಡು ಬಾರಿಯೂ ಸೋತರು. ಆದರೂ ಎದೆಗುಂದಲಿಲ್ಲ. 1952ರಲ್ಲಿ ಐಸೆನ್‌ಹೋವರರ ಪರವಾಗಿ ಮಹಿಳಾ ಮತದಾರರನ್ನು ಸಂಘಟಿಸಿದರು. ಗೆದ್ದ ಅಧ್ಯಕ್ಷರು ಇವರನ್ನು ಖಜಾಂಚಿಯಾಗಿ ನೇಮಿಸಿದರು.

ಅದು ನೇಮಕದ ಪದವಿ. ಹಣಕಾಸಿನ ನೀತಿ ಬೇರೊಬ್ಬರ ಕೈಯಲ್ಲಿತ್ತು. ಐವಿಯವರ ನಿಜವಾದ ಪರೀಕ್ಷೆ ಬಂದುದು 1966ರಲ್ಲಿ. ಕ್ಯಾಲಿಫೋರ್ನಿಯದಲ್ಲಿ ರಾಜ್ಯದ ಖಜಾಂಚಿಯನ್ನು ಜನರೇ ಆರಿಸುತ್ತಾರೆ. ಈ ಚುನಾವಣೆಯಲ್ಲಿ ಗೆದ್ದು ಅವರು ಅಲ್ಲಿನ ಪ್ರಥಮ ಮಹಿಳಾ ಖಜಾಂಚಿಯಾದರು.

ಖಜಾಂಚಿಯ ಕೆಲಸವಾದರೂ ಏನು? ವೆಚ್ಚಕ್ಕೆ ಒಪ್ಪಿಗೆ ಕೊಡುವುದು ಶಾಸನಸಭೆ. ಲೆಕ್ಕ ನೋಡಿ ಪಾವತಿಗೆ ಆಜ್ಞೆ ಹೊರಡಿಸುವುದು ಕಂಟ್ರೋಲರ್. ಹಣವನ್ನು ಕಾಪಾಡಿ ಸಲ್ಲಿಸುವುದು ಖಜಾಂಚಿ. ತೆರಿಗೆಯ ಹಣ ಬಂದ ದಿನವೇ ಖರ್ಚಾಗುವುದಿಲ್ಲ. ನಡುವಿನ ದಿನಗಳಲ್ಲಿ ಅದನ್ನು ಸುಮ್ಮನೆ ಇಡದೆ ಬಡ್ಡಿ ಬರುವಂತೆ ತೊಡಗಿಸಬೇಕು. ರಾಜ್ಯದ ಕಾಮಗಾರಿಗಳಿಗಾಗಿ ಸಾಲಪತ್ರಗಳನ್ನು ಮಾರಬೇಕು. ಬಡ್ಡಿಯ ದರದಲ್ಲಿ ಅಲ್ಪ ವ್ಯತ್ಯಾಸವಾದರೂ ಅದರ ಭಾರ ತೆರಿಗೆದಾರನ ಮೇಲೆ ವರ್ಷಗಟ್ಟಲೆ ಬೀಳುತ್ತದೆ. ನಮ್ಮಲ್ಲಿ ಇಂತಹ ಚುನಾಯಿತ ಖಜಾಂಚಿಯಿಲ್ಲ. ರಾಜ್ಯದ ಬ್ಯಾಂಕರು ರಿಸರ್ವ್ ಬ್ಯಾಂಕು. 1970ರಲ್ಲಿ ಜನರು ಐವಿಯವರನ್ನೇ ಮತ್ತೆ ಆರಿಸಿದರು. 1975ರ ಆರಂಭದಲ್ಲಿ ಅವರ ಅಧಿಕಾರಾವಧಿ ಮುಗಿಯಿತು. ಅದೇ ವರ್ಷ ಅವರು ನಿಧನರಾದರು.

ಈ ಜೀವನವನ್ನು ಓದುವಾಗ ನನಗೆ ನಮ್ಮ ಮನೆಯೇ ನೆನಪಾಯಿತು. ನನ್ನ ತಾಯಿಗೆ ಅಕ್ಷರ ಬಾರದು. ಆದರೂ ರಾಗಿ ಮಾರಿದ ಹಣದಲ್ಲಿ ಗೊಬ್ಬರಕ್ಕೆಷ್ಟು, ಸಾಲಕ್ಕೆಷ್ಟು, ನನ್ನ ಶುಲ್ಕಕ್ಕೆಷ್ಟು ಎಂಬುದನ್ನು ಬಾಯಿಲೆಕ್ಕದಲ್ಲೇ ಹಂಚುವವರು ಅವರು. ಆ ಹಂಚಿಕೆಯಲ್ಲಿ ಅಕ್ಕನ ಓದಿಗೆ ಪಾಲು ಉಳಿಯಲಿಲ್ಲ. ಏಳನೆಯ ತರಗತಿಗೆ ಅದು ನಿಂತಿತು. ಲೆಕ್ಕದಲ್ಲಿ ಅಕ್ಕ ನನಗಿಂತ ಚುರುಕು. ಹೆಂಗಸರಿಗೆ ಹಣಕಾಸು ತಿಳಿಯದೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ತಿಳಿವು ಅವರಲ್ಲಿದೆ, ಬೀಗದ ಕೈಯನ್ನು ಕೊಡದವರು ನಾವು.